ಅತ್ತೆಯ ಕೈಗೆ ಕೆಲಸ

ಯಲಬುರ್ಗಾ
ತಾ. ೧೨-೧೧-೧೯೪೧

ಪ್ರೀತಿಯ ಅಣ್ಣಾ,

ನಿನ್ನ ತಂಗಿಯ ನಮಸ್ಕಾರ. ಕೆಮ್ಮು ಹೇಗಿದೆ? ಗದಗಿನ ದವಾಖಾನೆಯಲ್ಲಿ ಊರಿಗೆಲ್ಲ ಔಷಧ ಕಲಸಿ ಕೊಡುವ ಕಂಪೌಂಡರ ತಾನು ಮಾತ್ರ ಕೆಮ್ಮುತ್ತ ಕೂಡುತ್ತಾನೆಂದು ನಮ್ಮ ಮನೆಯವರು ನಗುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ನಾವೆಲ್ಲ ಕ್ಷೇಮ. ನನ್ನ ಮಗಳು ನೀಲಾ ಈಗ ಮಾತಿನ ಮಲ್ಲಿಯಾಗಿದ್ದಾಳೆ.

ಪಂಚಮಿಗೆ ಕೊಪ್ಪಳದ ತವರಿಗೆ ಬಂದಾಗ ಅವಳಿಗೆ ಮೂರ್ಛೆ ಬಂತಲ್ಲ, ಅಂದಿನಿಂದ ನಮ್ಮ ತಮ್ಮ ಕೊಟ್ರಬಸಪ್ಪನ ಬಾಲ್ಯವೇ ಕಣ್ಣ ಮುಂದೆ. ಅವನಿಗೂ ಹೀಗೇ ಕೈಕಾಲು ಸೆಟೆದು ಕಣ್ಣು ಮೇಲಾಗುತ್ತಿದ್ದವು. ನಾವು ಜೋಕಾಲಿ ಬಿಟ್ಟು ಓಡಿ ಬರುತ್ತಿದ್ದೆವು. ಅವ್ವ ಉಳ್ಳಾಗಡ್ಡಿ ಜಜ್ಜುವಳು, ಅಪ್ಪ ಮೂಗಿಗೆ ಹಿಡಿಯಲು ಚಪ್ಪಲಿ ಹುಡುಕುವನು, ಆಯಿ ಬೀಗದ ಕೈಯನ್ನು ಅವನ ಮುಷ್ಟಿಯಲ್ಲಿ ತುರುಕುವಳು. ನೀನೊಬ್ಬನೇ ಪಕ್ಕದಲ್ಲಿ ಕೂತು ಬಾಯಿಯ ನೊರೆ ಒರೆಸುತ್ತಿದ್ದೆ. ಎದ್ದವನೇ ಅವನು ಶೇಂಗಾ ಉಂಡಿ ಕೇಳುತ್ತಿದ್ದ. ನಿನ್ನ ಪಾಲಿನದನ್ನೇ ಕೊಡುತ್ತಿದ್ದೆ, ನನಗೆ ಹೊಟ್ಟೆ ಉರಿಯುತ್ತಿತ್ತು. ಎಂಥ ದಿನಗಳು ಅಣ್ಣಾ! ಆ ಮನೆ, ಆ ಗದ್ದಲ ನೆನೆದರೆ ಈಗಲೂ ಅಳು ಬರುತ್ತದೆ.

ನೀನು ಪಂಚಮಿಯಲ್ಲಿ ಕಲಿಸಿದ್ದನ್ನು ಅತ್ತೆಯವರಿಗೆ ಒಪ್ಪಿಸಿದೆ. ಕಬ್ಬಿಣ ಕಾಸಿ ಹೊಟ್ಟೆಗೆ ಚುಟಿಗೆ ಹಾಕಬಾರದು, ಬಾಯಿಗೆ ನೀರು ಬಿಡಬಾರದು, ಹಲ್ಲಿನ ನಡುವೆ ಏನೂ ತುರುಕಬಾರದು. ಓಣಿಯ ಮಕ್ಕಳಿಗೆ ಮೂರ್ಛೆ ಬಂದರೆ ಚುಟಿಗೆ ಹಾಕುವ ಕೈಯೇ ನಮ್ಮತ್ತೆ ಶೇಖರಮ್ಮನವರದು. ಆದರೂ ಗೋಣು ಹಾಕಿದರು. ನಾನು ಹಿಗ್ಗಿದ್ದೇ ಬಂತು! ದೀಪಾವಳಿಯ ಮುಂದೆ ನೀಲಾಗೆ ಮೂರ್ಛೆ ಬಂದಾಗ ನೋಡುತ್ತೇನೆ, ಕೆಂಡದಲ್ಲಿ ಅರಿಷಿಣದ ಕೊಂಬು ಕಾಯುತ್ತಿದೆ, ಪಕ್ಕದಲ್ಲಿ ಮಜ್ಜಿಗೆಯ ಬಟ್ಟಲು.

“ನಿಮ್ಮಣ್ಣ ಕಬ್ಬಿಣ ಬ್ಯಾಡ ಅಂದಾನ, ಅರಿಷಿಣ ಬ್ಯಾಡ ಅಂದಿಲ್ಲಲ್ಲ” ಎಂದರು.

ನಗಬೇಕೋ ಅಳಬೇಕೋ! ಕೂಸಿಗೆ ಅಡ್ಡ ಬಿದ್ದು ಉಳಿಸಿಕೊಂಡೆ. ಅತ್ತೆ ಮಾತು ಬಿಟ್ಟರು.

ಆಮೇಲೆ ಹೊಳೆಯಿತು, ತಪ್ಪು ನಿನ್ನದೇ ಅಣ್ಣಾ. ಬರೀ ಬೇಡ, ಬೇಡ ಎಂದು ಕಲಿಸಿ ಹೋದೆ. ಮೊಮ್ಮಗಳು ನಡುಗುವಾಗ ಅಜ್ಜಿಯಾದವಳು ಕೈ ಕಟ್ಟಿ ಕೂಡುವುದು ಹೇಗೆ? ಅದಕ್ಕೆ ಅವರ ಕೈಗೆ ನಾನೇ ಕೆಲಸ ಕೊಟ್ಟೆ. ಮಗ್ಗಲಿಗೆ ಹೊರಳಿಸುವವರು ನೀವೇ, ತಲೆಯ ಕೆಳಗೆ ಸೀರೆ ಮಡಚಿ ಇಡುವವರು ನೀವೇ, ಕೊರಳ ಗುಂಡಿ ಬಿಚ್ಚಿ ಜೊಲ್ಲು ಒರೆಸುವವರೂ ನೀವೇ, ನಿಲ್ಲುವ ತನಕ ಪಕ್ಕ ಬಿಡಬಾರದು, ನಿಲ್ಲದಿದ್ದರೆ ಗಾಡಿ ಕಟ್ಟಿ ದವಾಖಾನೆಗೆ ಎಂದೆ. ಕಿನ್ನಾಳದ ಬೊಂಬೆಯನ್ನು ಹೊರಳಿಸಿ ತೋರಿಸಿದೆ. ಪಕ್ಕದ ಮನೆಯ ಇಮಾಮಬೀಯೂ ಬಂದು ಕಲಿತಳು. ಅತ್ತೆ ಮಾತ್ರ ಬೊಂಬೆಯನ್ನು ಮುಟ್ಟಲೇ ಇಲ್ಲ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಈ ಸಲವಾದರೂ ಅರ್ಧ ಹಾಳೆಯಲ್ಲಿ ಮುಗಿಸದೆ ತುಂಬಾ ಬರೆ.

ಇಂತಿ ನಿನ್ನ ಜಗಳಗಂಟಿ ತಂಗಿ,
ಕಳಕಮ್ಮ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ನಾನು ಬಾವಿಗೆ ಹೋದಾಗ ನೀಲಾಗೆ ಮತ್ತೆ ಮೂರ್ಛೆ ಬಂದಿದೆ. ಬಂದು ನೋಡಿದರೆ ಅವಳು ಮಗ್ಗಲಾಗಿ ನಿದ್ದೆ ಹೋಗಿದ್ದಳು, ತಲೆಯ ಕೆಳಗೆ ಅತ್ತೆಯ ಸೀರೆ. ಮೈಮೇಲೆ ಒಂದು ಗಾಯವಿಲ್ಲ. ಆದರೆ ಅತ್ತೆ ಅಳುತ್ತಿದ್ದರು. ನಮ್ಮವರ ಬೆನ್ನಿಗೆ ಹುಟ್ಟಿದ ಮಗಳೊಬ್ಬಳು ಅವರಿಗಿದ್ದಳಂತೆ. ಅವಳಿಗೂ ಮೂರ್ಛೆ. ಇವರೇ ಹಾಕಿದ ಚುಟಿಗೆ ಕೀವಾಗಿ, ಜ್ವರ ಬಂದು ತೀರಿಕೊಂಡಳಂತೆ. “ಹಿಂಗ ಮಾಡಿದ್ರ ನನ್ನ ಗಂಗವ್ವಾನೂ ಉಳೀತಿದ್ಲೇನು? ನಿಮ್ಮಣ್ಣನ್ನ ಒಂದ ಮಾತು ಕೇಳವಾ” ಎನ್ನುತ್ತಾರೆ. ಇದಕ್ಕೆ ಉತ್ತರ ಬರೆಯಬೇಡ ಅಣ್ಣಾ. ಬರೆದರೆ ನಾನೇ ಓದಿ ಹೇಳಬೇಕು, ಅದು ನನ್ನಿಂದಾಗದು. ನೀನೇ ಬಾ.