ತಕ್ಕಡಿ ಮಾಡುವವನ ಹೆಂಡತಿ

ಜೂನ್ ೩, ಮಂಗಳವಾರ

ಬೆಳಗ್ಗೆಯಿಂದ ವಿದ್ಯಾರ್ಥಿಗಳ ಥೀಸಿಸ್ ನೋಡುವ ಕೆಲಸ. ರಿಟೈರ್ ಆದರೂ ಈ ಹಣೆಬರಹ ತಪ್ಪಲಿಲ್ಲ. ತಕ್ಕಡಿ ಎಂದರೆ ನ್ಯಾಯ, ಮಳೆ ಎಂದರೆ ಕಣ್ಣೀರು, ದೀಪ ಎಂದರೆ ಜ್ಞಾನ... ಪ್ರತಿಮೆಗಳ ವಿಶ್ಲೇಷಣೆ ಎಂದರೆ ಈ ಜನಕ್ಕೆ ಡಬ್ಬಿಗಳ ಮೇಲೆ ಲೇಬಲ್ ಅಂಟಿಸುವ ಕೆಲಸ. ಒಬ್ಬಳಂತೂ ನನ್ನ ಪುಸ್ತಕದ ಪುಟವೊಂದನ್ನು ಎತ್ತಿ, ನನ್ನ ಹೆಸರು ಬಿಟ್ಟು, ನನಗೇ ಕಳಿಸಿದ್ದಾಳೆ. ಕದಿಯುವುದಕ್ಕೂ ಬುದ್ಧಿ ಬೇಕು.

ಮಧ್ಯಾಹ್ನ ಹೆಂಡತಿ ಸುದ್ದಿ ಕೊಟ್ಟಳು. ಲೈಬ್ರರಿಯ ಓದುಗರ ಬಳಗದಲ್ಲಿ ಹದಿನೈದಕ್ಕೆ ಅವಳದೇ ಪ್ರಬಂಧವಂತೆ. ಬಳಗಕ್ಕೆ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಸದಸ್ಯರು ಮನೆಯಲ್ಲಿ ಹೊತ್ತು ಹೋಗದವರು. ಕೃತಿ ಯಾವುದು? ತಕ್ಕಡಿ ಮಾಡುವವನ ಕಥೆ ಹೇಳುವ ಆ ಹಳೆಯ ಕಾದಂಬರಿ. ನನ್ನ ಕಾದಂಬರಿ! ಬರೆದವನು ಬೇರೆ, ಸತ್ತೂ ಹೋಗಿದ್ದಾನೆ. ಆದರೆ ಅದರ ಮೇಲೆ ಕೊನೆಯ ಮಾತು ನನ್ನದು, ಎಲ್ಲರಿಗೂ ಗೊತ್ತು.

ಇವಳು ಜೀವನವಿಡೀ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತವಳು. ನಗು ತಡೆಯಲಾಗಲಿಲ್ಲ. ಅವಳೆದುರೇ ನಕ್ಕೆ.

“ನನ್ನ ಪುಸ್ತಕ ಒಂದ್ಸಲ ನೋಡ್ಕೋ. ನಾಲ್ಕು ಜನರ ಮುಂದೆ ಮರ್ಯಾದೆ ಉಳಿಯುತ್ತೆ.”

“ಮೊದಲು ಕಾದಂಬರಿ ಓದ್ಕೋತೀನಿ ರೀ. ನಿಮ್ಮದು ಆಮೇಲೆ.”

ಏನು ಗತ್ತು.

ಜೂನ್ ೬

ಟೇಬಲ್ ಪೂರ್ತಿ ಅವಳದಾಗಿದೆ. ನನ್ನ ಥೀಸಿಸ್‌ಗಳು ಸ್ಟೂಲಿನ ಮೇಲೆ.

ಕಾದಂಬರಿಯಲ್ಲಿ ಅರ್ಥವಾಗದ್ದು ಏನಿದೆ? ಊರೆಲ್ಲ ನಂಬುವ ತಕ್ಕಡಿಗಾರ. ಗುಲಗಂಜಿಯಷ್ಟೂ ವ್ಯತ್ಯಾಸ ಸಹಿಸದವನು. ಕೊನೆಗೆ ಒಂದು ಸಂಜೆ ಅವನು ತೂಕದ ಬಟ್ಟುಗಳನ್ನು ಒರೆಸುತ್ತ ಕೂತಿರುವಾಗ ಹೆಂಡತಿ ಎದ್ದು ಹೊರಟುಹೋಗುತ್ತಾಳೆ. ಅಷ್ಟೇ. ಅವಳನ್ನು “ತೂಕವಿಲ್ಲದ ಹೆಣ್ಣು” ಎಂದು ನನ್ನ ಪುಸ್ತಕದಲ್ಲಿ ಬರೆದಿದ್ದೇನೆ. ಎಷ್ಟೋ ವರ್ಷ ಪ್ರಶ್ನೆಪತ್ರಿಕೆಯಲ್ಲಿ ಬಂದ ಮಾತು.

ಅವಳ ಅಕ್ಕನ ಫೋನ್ ಮತ್ತೆ. ಗಂಡ ಹೋದಮೇಲೆ ಆಕೆ ಒಬ್ಬಳೇ. ಇವಳನ್ನು ಬಂದು ಇದ್ದುಬಿಡು ಎಂದು ಕರೆಯುತ್ತಿದ್ದಾಳೆ. ನಾಲ್ಕು ದಿನಕ್ಕಲ್ಲ, ಇದ್ದುಬಿಡುವುದಕ್ಕೆ. “ಈ ಪ್ರಬಂಧ ಒಂದು ಮುಗೀಲಿ, ಹೇಳ್ತೀನಕ್ಕ” ಎಂದಳು ಇವಳು. ಎಲ್ಲಿಗೆ ಹೋಗುತ್ತಾಳೆ? ಬರೀ ಬಾಯಿಮಾತು.

ಜೂನ್ ೯

ಕರಡು ಕೊಟ್ಟಳು. ತಾನಾಗಿಯೇ. ಕೆಂಪು ಪೆನ್ಸಿಲ್ ಹಿಡಿದು ಕೂತೆ. ವಸ್ತು ಎಲ್ಲೋ, ಪ್ರತಿಮೆ ಎಲ್ಲೋ. ಪಾತ್ರ ವಿಶ್ಲೇಷಣೆ ಎಂದುಕೊಂಡು ಪಕ್ಕದ ಮನೆಯವರ ಸುದ್ದಿ ಹೇಳಿದಂತೆ ಬರೆದಿದ್ದಾಳೆ. ತಕ್ಕಡಿಯ ಬಗ್ಗೆ ಒಂದೇ ವಾಕ್ಯ: “ಅವನು ಎಲ್ಲವನ್ನೂ ತೂಗಿದ, ಯಾರನ್ನೂ ಏನೂ ಕೇಳಲಿಲ್ಲ.” ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದೆ — ಆಧಾರ ಎಲ್ಲಿ?

“ಇಡೀ ಪುಸ್ತಕದಲ್ಲಿ ಅವನು ಹೆಂಡತಿಗೆ ಒಂದೂ ಪ್ರಶ್ನೆ ಹಾಕಲ್ಲ. ಅದೇ ಆಧಾರ,” ಎಂದಳು.

“ಇಲ್ಲದೇ ಇರೋದು ಆಧಾರ ಆಗೋಲ್ಲ ಕಣೇ.”

“ನಿಮಗೆ ಆಗೋಲ್ಲ.”

ಕಾದಂಬರಿ ತೆಗೆದೆ. ಒಂದೇ ಒಂದು ಪ್ರಶ್ನೆ ಸಿಕ್ಕರೆ ಸಾಕು, ಇವಳ ಗೋಪುರ ನೆಲಕ್ಕೆ.

ಜೂನ್ ೧೨

ಸಿಕ್ಕಿತು! ಒಂಬತ್ತನೆಯ ಅಧ್ಯಾಯ, ಪುಟದ ಕೆಳಗೆ. “ಅಗುಳಿ ಹಾಕಿದೆಯಾ?” ಎಂದು ಕೇಳುತ್ತಾನೆ. ಹೆಂಡತಿಯನ್ನೇ. ಅಡುಗೆಮನೆಗೆ ಹೋಗಿ ಓದಿ ಹೇಳಿದೆ. ಎರಡು ಸಲ.

ತರಕಾರಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. “ಅದು ಪ್ರಶ್ನೆ ಅಲ್ಲ ರೀ. ತಪಾಸಣೆ.”

ಪೋಸ್ಟ್ ಆಫೀಸ್ ವಿಮರ್ಶೆ! ಸೀಲು ಒತ್ತಿದಳು, ಮುಗಿಯಿತು.

ಊಟಕ್ಕೆ ಕೂತಾಗ ಕೇಳಿದೆ — ಗ್ಯಾಸ್ ಆಫ್ ಮಾಡಿದೆಯಾ? ಕರೆಂಟ್ ಬಿಲ್ ಕಟ್ಟಿದೆಯಾ? ನನ್ನ ಚಷ್ಮಾ ನೋಡಿದೆಯಾ? ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಸ್ವಂತ ಮನೆಯಲ್ಲಿ ಗ್ಯಾಸಿನ ವಿಷಯ ಎತ್ತುವ ಹಾಗಿಲ್ಲವೇ?

ಜೂನ್ ೧೫, ಭಾನುವಾರ

ಹೋಗಬಾರದೆಂದಿದ್ದೆ. ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. ಹಲ್ಲಿನ ಡಾಕ್ಟರು “ಮನಕಲಕುವ” ಎಂಬ ಪದವನ್ನು ಉಸಿರಿಗೊಂದು ಸಲ ಬಳಸಿದರು. ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರ ಗತಿ ಏನೋ.

ಇವಳು ಎದ್ದಳು. ಅದೇ ಕೌಂಟರಿನ ದನಿ. ಏರಿಲ್ಲ, ಇಳಿವಿಲ್ಲ. “ತಕ್ಕಡಿಗಾರನ ಹೆಂಡತಿ ಚಂಚಲೆ ಅಂತ ದೊಡ್ಡವರೆಲ್ಲ ಬರೆದಿದ್ದಾರೆ. ಮನೆ ಬಿಟ್ಟು ಎಲ್ಲಿಗೆ ಹೋದಳು ಅಂತ ಮಾತ್ರ ಯಾರಿಗೂ ಕುತೂಹಲ ಇಲ್ಲ. ಗಂಡನಿಗೂ ಇಲ್ಲ, ಕಾದಂಬರಿಕಾರನಿಗೂ ಇಲ್ಲ, ವಿಮರ್ಶಕರಿಗೂ ಇಲ್ಲ. ಅವಳು ಯಾಕೆ ಹೋದಳು ಅನ್ನೋದಕ್ಕೆ ಇಷ್ಟು ಸಾಲದಾ?”



ತಜ್ಞರು ಇದ್ದಾರೆ, ಎರಡು ಮಾತಾಡಲಿ ಎಂದರು ಡಾಕ್ಟರು. ಎದ್ದು ಪ್ರತಿಮಾ ವಿನ್ಯಾಸದ ಬಗ್ಗೆ ಹೇಳಿದೆ, ದೀರ್ಘವಾಗಿ. ಒಬ್ಬರು ಗಡಿಯಾರ ನೋಡಿದರು. ಮುಂದಿನ ಸಾಲಿನ ಹೆಂಗಸು ನನ್ನ ಮಾತು ಮುಗಿಯುವುದಕ್ಕೂ ಕಾಯದೆ ಇವಳ ಕಡೆ ತಿರುಗಿ, “ಆಮೇಲೆ ಅವಳು ಎಲ್ಲಿಗೆ ಹೋಗಿರಬಹುದು ಅಂತೀರಿ?” ಎಂದಳು.

ಹೊಟ್ಟೆ ಉರಿಯಿತು. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ. ಪ್ರಬಂಧ ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು.

ಮನೆಗೆ ಬರುತ್ತ ದಾರಿಯಲ್ಲಿ ಹೇಳಿದ್ದು — “ಎರಡನೇ ಪ್ಯಾರಾದಲ್ಲಿ ಕ್ರಿಯಾಪದ ಸರಿಯಿಲ್ಲ.”

ಜೂನ್ ೧೭

ಮಂಚದ ಮೇಲೆ ಸೂಟ್‌ಕೇಸ್, ಬಾಯಿ ತೆರೆದುಕೊಂಡು.

“ಗುರುವಾರ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲೇ ಇರ್ತೀನಿ.”

“ಛತ್ರಿ ಇಟ್ಕೊಂಡೆಯಾ?” ಎಂದೆ.

ಥೂ ನನ್ನ ಬಾಯಿಗೆ.

ಜೂನ್ ೧೮

ಒಂದು ಪ್ರಶ್ನೆ ಬೇಕು. ಸರಿಯಾದದ್ದು. ಬೆಳಗ್ಗೆಯಿಂದ ಬರೆದು ಹೊಡೆದು ಹಾಕುತ್ತಿದ್ದೇನೆ. ಅವಳಿಗೆ ಯಾವ ಬಣ್ಣ ಇಷ್ಟ? ಗೊತ್ತು — ಗೊತ್ತೇ? ಕೌಂಟರಿನಲ್ಲಿ ಅಷ್ಟು ವರ್ಷ ಏನು ಯೋಚಿಸುತ್ತಿದ್ದಳು? ಮಧ್ಯಾಹ್ನದ ಡಬ್ಬಿ ಯಾರ ಜೊತೆ ಬಿಚ್ಚುತ್ತಿದ್ದಳು? ಎಂದೋ ಸತ್ತುಹೋದ ಲೇಖಕನ ನಾಯಕಿಯ ಮನಸ್ಸಿನ ಬಗ್ಗೆ ನೂರಾರು ಪುಟ ಬರೆದವನು ನಾನು. ಪಂಡಿತ. ಮಣ್ಣಾಂಗಟ್ಟಿ.

ಭಯವಾಗುತ್ತಿದೆ. ಅವಳು ನಿಜವಾಗಿಯೂ ಹೋಗುತ್ತಾಳೆ.

ಜೂನ್ ೧೯

ಕೇಳಿದೆ. ಟ್ಯಾಕ್ಸಿ ಬರಲು ಇನ್ನೂ ಹೊತ್ತಿತ್ತು. “ಯಾಕೆ ಹೋಗ್ತಿದೀಯ?” — ತಪಾಸಣೆ ಅಲ್ಲ.

ಚೀಲ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ಕೂತಳು. ಮುಖ ಸಡಿಲವಾಯಿತು. ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ.

“ಅಲ್ಲಿ ಅಕ್ಕ ಬೆಳಗ್ಗೆ ಎದ್ದ ಕೂಡಲೇ ಚೆನ್ನಾಗಿ ನಿದ್ದೆ ಬಂತಾ ಅಂತಾಳೆ. ಇಲ್ಲಿ ಅಷ್ಟೂ ಇಲ್ಲ. ನನಗೆ ಏನನ್ನಿಸುತ್ತೆ ಅಂದ್ರೆ—”

“ಅದು ನಿಜವಾದ ಕಾರಣ ಅಲ್ಲ, ನೋಡು,” ಎಂದೆ ನಾನು. “ಆಳದಲ್ಲಿ ಏನಾಗ್ತಿದೆ ಅಂದ್ರೆ...” ಅವಳ ಒಂಟಿತನ, ಕಾದಂಬರಿಯ ಪ್ರಭಾವ, ನಾಯಕಿಯೊಡನೆ ತಾದಾತ್ಮ್ಯ. ಎಲ್ಲ ಬಿಡಿಸಿ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ.

ಕೊನೆಯವರೆಗೂ ಕೇಳಿಸಿಕೊಂಡಳು. ನಕ್ಕಳು. ಸಿಟ್ಟು ಇರಲಿಲ್ಲ. ಅದೇ ತಡೆಯಲಾಗುತ್ತಿಲ್ಲ. ಚೀಲ ಎತ್ತಿಕೊಂಡಳು.

ಜೂನ್ ೨೪

ಥೀಸಿಸ್ ಮುಟ್ಟಿಲ್ಲ.

“ಏನನ್ನಿಸುತ್ತೆ ಅಂದ್ರೆ” — ಆಮೇಲೆ? ಮುಂದಿನ ಮಾತು ಏನಿತ್ತು? ನಾನೇ ಪೂರ್ತಿ ಮಾಡಿ ನೋಡಿದೆ. ಬೇರೆಬೇರೆ ಥರ. ಎಲ್ಲವೂ ನನ್ನ ಶೈಲಿಯಲ್ಲೇ ಇವೆ, ಒಂದೂ ಅವಳದಲ್ಲ. ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ಫೋನ್ ಮಾಡಿದ್ದೇನೆ. ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟಿದ್ದೇನೆ. ಕೈ ಬರೆಯುತ್ತಿದ್ದರೆ ಬಾಯಿ ಸುಮ್ಮನಿರುತ್ತದೆ ಎಂಬ ಆಸೆ. ರಿಂಗ್ ಆಗುತ್ತಿದೆ... ಎತ್ತಿದಳು. ಕೇಳಿದೆ — ಅವತ್ತು ಏನು ಹೇಳೋಕೆ ಹೊರಟಿದ್ದೆ?

ಸುಮ್ಮನಿದ್ದಾಳೆ. ನಾನೂ.

“ಗೀಚೋ ಸದ್ದು ಕೇಳಿಸ್ತಿದೆ ರೀ. ಪೆನ್ ಕೆಳಗಿಡಿ, ಹೇಳ್ತೀನಿ,” ಎನ್ನುತ್ತಿದ್ದಾಳೆ. ಇಡು