ಎಫುವಾ ಅತ್ತೆ ಕೊಟ್ಟ ಸುಂಕದ ಚೀಟಿ

ಎಫುವಾ ಅತ್ತೆ,

ಓದಲು ನೀವಿಲ್ಲ. ಇದ್ದಾಗಲೂ ಪತ್ರಗಳನ್ನು ಬೇರೆಯವರ ಕೈಲೇ ಓದಿಸಿಕೊಳ್ಳುತ್ತಿದ್ದಿರಿ. ಆದರೂ ಬರೆಯುತ್ತೇನೆ.

ಇವತ್ತು ಇಂಗ್ಲೆಂಡಿನ ಲೀಡ್ಸ್‌ನ ನನ್ನ ಮನೆಗೆ ನಮ್ಮ ಘಾನಾದ ಹುಡುಗಿ ಅರಾಬಾ ಬಂದಿದ್ದಳು. ನನ್ನ ಹಾಗೆಯೇ ನಮ್ಮ ದೇಶದ ಸರ್ಕಾರದ ಖರ್ಚಿನಲ್ಲಿ ಡಾಕ್ಟರಿಕೆ ಓದಲು ಬಂದವಳು. ಮೆಕ್ಕೆಜೋಳದ ಕೆಂಕೆ ಉಂಡೆ, ಮೀನು ತಿಂದು ಕೈ ತೊಳೆದವಳೇ ಕೇಳಿದಳು: “ಅಕ್ಕಾ, ಓದು ಮುಗಿದ್ಮೇಲೆ ವಾಪಸ್ ಹೋಗದೆ ಇರೋಕೆ ನೀವೇನ್ ಮಾಡಿದ್ರಿ?”

ಯಾವ ಅರ್ಜಿ, ಯಾವಾಗ ಹಾಕಬೇಕು, ಎಲ್ಲವನ್ನೂ ಹೇಳಿಕೊಟ್ಟೆ. ನನ್ನ ಹಳೆಯ ಪುಸ್ತಕವೊಂದನ್ನೂ ಕೊಡಹೋದೆ. ಅದರೊಳಗಿಂದ ಒಂದು ಚೀಟಿ ಬಿತ್ತು.

ನಾನು ಊರು ಬಿಟ್ಟ ದಿನ ನೀವು ಮಾರುತ್ತಿದ್ದ ಟೊಮೆಟೊ ಬುಟ್ಟಿ ಬಿಟ್ಟು ಎದ್ದು ಬಂದು, ಆ ದಿನ ಸರ್ಕಾರಕ್ಕೆ ಕಟ್ಟಿದ ಮಾರುಕಟ್ಟೆ ಸುಂಕದ ಚೀಟಿಯನ್ನು ನನ್ನ ಕೈಗೆ ತುರುಕಿದ್ದಿರಲ್ಲ, ಅದೇ. “ಸರ್ಕಾರ ಅಂದ್ರೆ ಯಾರೇ? ನಾನೇ ನಿನ್ನ ಓದಿಸ್ತಿರೋಳು. ಡಾಕ್ಟ್ರಾಗಿ ಬಾ, ಮೊದ್ಲು ನನ್ನ ಮಂಡಿ ನೋಡು,” ಅಂದಿದ್ದಿರಿ.

ಹೋದ ವಾರ ಅಮ್ಮ ಫೋನಿನಲ್ಲಿ ಹೇಳಿದಳು. ಡಾಕ್ಟರು ಬರುತ್ತಾರೆಂದು ನೀವು ನಮ್ಮೂರ ಆಸ್ಪತ್ರೆಯ ಬೆಂಚಿನ ಮೇಲೆ ಎರಡು ದಿನ ಕಾದಿರಂತೆ. ಅಲ್ಲೇ ತೀರಿಕೊಂಡಿರಂತೆ.

ಅರಾಬಾ ಚೀಟಿ ಎತ್ತಿಕೊಂಡು ತಿರುಗಿಸಿ ನೋಡಿದಳು. ಅಕ್ಷರ ಅಳಿಸಿಹೋಗಿತ್ತು.

“ಏನಕ್ಕಾ ಇದು?”

“ಯಾವ್ದೋ ಹಳೇ ಬಸ್ ಟಿಕೆಟ್ ಕಣೇ,” ಎಂದೆ.