ಊಟ, ವಸತಿ ಎಲ್ಲ ಸೇರಿ

ಮೌಂಟನ್ ವ್ಯೂ
೧೨ ಡಿಸೆಂಬರ್ ೨೦೦೦

ಪ್ರೀತಿಯ ನೀಲವ್ವನಿಗೆ ಬಿಲ್ಕೀಸಳ ಸಲಾಂ.

ಬೈದುಕೊಳ್ಳುತ್ತಿರುತ್ತೀಯ, ಗೊತ್ತು. ದಸರೆಯ ಹೊತ್ತಿಗೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಕೆಲಸವಿತ್ತು ಎಂದು ಸುಳ್ಳು ಹೇಳಲಾರೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತೆಯೇ ಇಲ್ಲವಲ್ಲ. ಸುಮ್ಮನೆ ದಣಿವು. ಇಬ್ಬರ ಬಟ್ಟೆ, ಇಬ್ಬರ ಪಾತ್ರೆ, ಅಷ್ಟಕ್ಕೇ ಮೈ ಸೋತುಹೋಗುತ್ತದೆ. ನಿನ್ನ ಮಗಳು ಶಾಲೆಗೆ ಹೋಗುವಾಗ ಅಳುವುದನ್ನು ನಿಲ್ಲಿಸಿದಳೇ?

ಹೋದ ತಿಂಗಳ ಕೊನೆಯಲ್ಲಿ ನಾವು ಜಮೈಕಾಕ್ಕೆ ಹೋಗಿಬಂದೆವು. ಹುಬ್ಬೇರಿಸಬೇಡ. ಸಮುದ್ರದ ದಂಡೆಯ ರೆಸಾರ್ಟು. ಒಂದೇ ಸಲ ಹಣ ಕಟ್ಟಿಬಿಟ್ಟರೆ ರೂಮು, ತಿಂಡಿ, ಊಟ, ಕುಡಿಯುವುದು, ಕುಣಿಯುವುದು ಎಲ್ಲ ಅದರಲ್ಲೇ ಸೇರಿತು. ಕೈಗೊಂದು ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಅದನ್ನು ತೋರಿಸಿದರೆ ಯಾವ ಹೊತ್ತಿಗೆ ಏನು ಕೇಳಿದರೂ ಕೊಡುತ್ತಾರೆ.

"ಅಲ್ಲಿ ಪೇಜರ್ ಕೆಲಸ ಮಾಡಲ್ಲ ಕಣೇ. ಒಂದು ವಾರ ಪೂರ್ತಿ ನಿನ್ನ ಜೊತೆ," ಎಂದಿದ್ದರು ಕಲೀಮ್. ನಾನು ಹೂಂ ಅಂದದ್ದು ಆ ಮಾತಿಗೆ. ಕಳೆದ ರಂಜಾನಿನಲ್ಲಿ ನನ್ನ ಐದು ತಿಂಗಳ ಬಸಿರು ಹೋದದ್ದನ್ನು ನಿನಗೆ ಬರೆದಿದ್ದೆನಲ್ಲ, ಅಂದಿನಿಂದ ಈ ಮನುಷ್ಯ ಅದರ ಬಗ್ಗೆ ಒಂದೇ ಒಂದು ಮಾತಾಡಿಲ್ಲ. ನಾನು ಬಾಯಿ ತೆಗೆದರೆ ಪೇಜರ್ ಕೂಗುತ್ತದೆ, ಇಲ್ಲವೇ ಇವರೇ ಎದ್ದುಹೋಗುತ್ತಾರೆ. ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿ, ಅದಕ್ಕೆ ಇಷ್ಟು ಜೀವ ತೇಯಬೇಕೇ! ಬೇರೆ ಊರಲ್ಲಿ, ಬೇರೆ ಗಾಳಿಯಲ್ಲಿ ಕೂತರೆ ಒಂದು ಸಲವಾದರೂ ನಮ್ಮ ಮಗುವಿನ ಮಾತಾಡಿಯಾರು ಎಂಬುದು ನನ್ನ ಆಸೆ.

ಮೂರನೆಯ ಸಂಜೆ ದಂಡೆಯಲ್ಲಿ ನಿಂತಿದ್ದೆವು. ನೀರಿನ ಮೇಲೆ ಎಳೆ ಚಂದ್ರ ಕಂಡ. ಅಯ್ಯೋ, ರಂಜಾನ್! ಆಫೀಸಿನ ರಜೆ ನೋಡಿ ಟಿಕೆಟ್ಟು ಮಾಡಿಸಿದ್ದರು, ಚಂದ್ರನ ಲೆಕ್ಕ ನೋಡಿರಲಿಲ್ಲ. ನನಗಾದರೂ ನೆನಪಾಗಬೇಡವೇ? ಈ ಅಮೆರಿಕದಲ್ಲಿ ಮಸೀದಿಯ ಬಾಂಗ್ ಕೇಳಿಸುವುದಿಲ್ಲ, ಪಕ್ಕದ ಮನೆಯವರು ಬಾಗಿಲು ತಟ್ಟಿ ಹೇಳುವುದಿಲ್ಲ. ಬೆಳಗಿನಿಂದ ಮಧ್ಯರಾತ್ರಿಯವರೆಗೆ ತಿನ್ನಿ ತಿನ್ನಿ ಎನ್ನುವ ಜಾಗಕ್ಕೆ ಸರಿಯಾಗಿ ಉಪವಾಸದ ತಿಂಗಳಲ್ಲೇ ಹೋಗಿ ಕೂತಿದ್ದೆವು ನೋಡು.

"ಪ್ರಯಾಣದಲ್ಲಿ ಇರೋರಿಗೆ ರೋಜಾ ಮಾಫ್ ಅಲ್ವಾ? ಆಮೇಲೆ ಮಾಡಿದ್ರಾಯ್ತು," ಎಂದರು ಇವರು, ಪಪ್ಪಾಯಿಯ ತಟ್ಟೆ ಹಿಡಿದುಕೊಂಡು.

"ಹೋದ ವರ್ಷ ಬಸುರಿ ಅಂತ ಬಿಟ್ಟಿದ್ದೇ ಇನ್ನೂ ಬಾಕಿ ಇದೆ. ನೀವು ತಿನ್ನಿ."

ಅದಕ್ಕಾದರೂ ಏನಾದರೂ ಹೇಳುತ್ತಾರೇನೋ ಎಂದು ಮುಖ ನೋಡಿದೆ. ಪಪ್ಪಾಯಿಗೆ ನಿಂಬೆ ಹಿಂಡಿಕೊಂಡರು.

ಮರುದಿನದಿಂದ ಅವರು ತಿನ್ನುವುದು, ನಾನು ನೋಡುವುದು. ಬಡಿಸುವ ಹುಡುಗಿಗೆ ನನ್ನದೇ ಚಿಂತೆ. "ನಮ್ಮ ಅಡುಗೆ ಹಿಡಿಸಲಿಲ್ವಾ?" ಎಂದು ಕೇಳಿದಳು. ವಿಷಯ ಹೇಳಿದೆ. ಪಾಪ, ನಸುಕಿನ ಸಹರಿ ಊಟಕ್ಕೆಂದು ದಿನಾ ಬ್ರೆಡ್ಡು, ಬಾಳೆಹಣ್ಣು ಕಟ್ಟಿಕೊಟ್ಟಳು. ಒಂದು ಸಂಜೆ ನಮ್ಮ ಮೇಜಿಗೆ ಒಬ್ಬ ಅಮೆರಿಕನ್ ಹೆಂಗಸು ಬಂದು ಕೂತರು, ಒಳ್ಳೆಯವರೇ. ಮಕ್ಕಳೆಷ್ಟು ಎಂದು ಕೇಳಿದರು. ಕಲೀಮ್ ನಗುನಗುತ್ತಾ "ಇನ್ನೂ ಆಗಿಲ್ಲ" ಎಂದರು. ಆಗಿಲ್ಲವಂತೆ! ಹಾಗಾದರೆ ನನ್ನ ಹೊಟ್ಟೆಯಲ್ಲಿ ಒದ್ದದ್ದು ಯಾರು? ಮೈಯೆಲ್ಲ ಉರಿದುಹೋಯಿತು. ಆದರೂ ಸೂಪು ಕುಡಿದೆ. ಜಗಳ ಮಾಡಲು ಶಕ್ತಿ ಬೇಕಲ್ಲ, ಅದಿರಲಿಲ್ಲ.

ಕೊನೆಯ ದಿನ ಏನನ್ನಿಸಿತೋ, ನನಗಿಂತ ಮುಂಚೆ ಅವರೇ ಸಹರಿಗೆ ಎದ್ದಿದ್ದರು. "ಇವತ್ತು ನಾನೂ ರೋಜಾ ಇರ್ತೀನಿ," ಎಂದರು. ದಿನವಿಡೀ ಮರದ ನೆರಳಿನಲ್ಲಿ ಬಿದ್ದುಕೊಂಡಿದ್ದೆವು. ಸೂರ್ಯ ಮುಳುಗಿದ ಮೇಲೆ ಒಂದೇ ಲೋಟದಲ್ಲಿ ನೀರು ಕುಡಿದೆವು. ನನ್ನ ಕೈ ಹಿಡಿದುಕೊಂಡರು. ಪ್ರವಾಸ ಚೆನ್ನಾಗಿತ್ತು ಎಂದು ಅಮ್ಮಿಗೆ ಬರೆದಿದ್ದೇನೆ. ನಿನಗೂ ಅದನ್ನೇ ಬರೆಯುತ್ತೇನೆ, ಚೆನ್ನಾಗಿತ್ತು.

ಮಗಳಿಗೆ ನನ್ನ ಮುತ್ತು ಕೊಡು. ಅವಳ ಆಯುಸ್ಸು ಗಟ್ಟಿಯಾಗಿರಲಿ, ನಿನ್ನ ಮಡಿಲು ಸದಾ ತಂಪಾಗಿರಲಿ. ನಿಮ್ಮವರಿಗೆ ಸಲಾಂ ತಿಳಿಸು. ಇಫ್ತಾರಿಗೆ ಹೊತ್ತಾಯಿತು, ಇವರು ಇನ್ನೂ ಆಫೀಸಿನಲ್ಲಿದ್ದಾರೆ.

ನಿನ್ನ
ಬಿಲ್ಕೀಸ್

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ, ನೀಲವ್ವ. ಆ ಸಂಜೆ ಅವರು ಕೈ ಹಿಡಿದದ್ದೇ ಧೈರ್ಯವೆಂದುಕೊಂಡು ಕೇಳಿಬಿಟ್ಟೆ: "ಈದ್ ಆದ ಮೇಲೆ ನನ್ನನ್ನ ಮಗುವಿನ ಗೋರಿ ಹತ್ರ ಕರ್ಕೊಂಡು ಹೋಗ್ತೀರಾ?" ಕೈ ಬಿಟ್ಟರು. ಆಮೇಲೆ ಹೇಳಿದರು: "ಆಸ್ಪತ್ರೆಯವರು ಕೇಳಿದ್ರು, ನೀವೇ ತಗೊಂಡು ಹೋಗ್ತೀರಾ, ನಾವು ನೋಡ್ಕೊಳ್ಳೋದಾ ಅಂತ. ನೀವೇ ನೋಡ್ಕೊಳ್ಳಿ ಅಂದ್ಬಿಟ್ಟೆ, ಬಿಲ್ಕೀಸ್. ವರ್ಷದ ಕೊನೆ, ಎರಡು ಸಾವಿರದ ಇಸವಿ ಬಂದ ಕೂಡ್ಲೇ ಕಂಪ್ಯೂಟರೆಲ್ಲ ಕೆಡುತ್ತೆ ಅಂತ ಆಫೀಸಲ್ಲಿ ಎಲ್ರೂ ನನಗೇ ಕಾಯ್ತಿದ್ರು. ಎಲ್ಲಿಟ್ರೋ ನಂಗೊತ್ತಿಲ್ಲ." ಹೇಳಿ ಅತ್ತರು. ನನಗೆ ಅಳು ಬರಲಿಲ್ಲ. ಬೆಟ್ಟದಾಚೆ ನಮ್ಮವರ ಕಬರಸ್ತಾನದಲ್ಲಿ ಮಣ್ಣು ಮಾಡಿದ್ದಾರೆಂದೇ ನಾನು ತಿಳಿದಿದ್ದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಆ ಬೆಟ್ಟದ ಕಡೆ ಮುಖ ಮಾಡಿ ಮಗುವಿಗೆಂದು ಫಾತಿಹಾ ಓದುತ್ತಿದ್ದೆ. ಇವರು ಹಿಂದೆ ಕೂತು ಚಹಾ ಕುಡಿಯುತ್ತ ನೋಡುತ್ತಿದ್ದರು. ಒಂದು ದಿನವೂ ಹೇಳಲಿಲ್ಲ.

ಮೊನ್ನೆ ಶುಕ್ರವಾರವೂ ಓದಲು ಎದ್ದೆ. ಯಾವ ಕಡೆ ತಿರುಗಬೇಕೆಂದು ತಿಳಿಯದೆ ಅಡುಗೆಮನೆಯ ನಡುವೆ ನಿಂತೇ ಇದ್ದೆ.